ಬೆನ್ನ ಮೇಲೆ ಎಲೆ ಹೊತ್ತ ನೋಟು

ನನ್ನ ಮೇಜಿನ ಮೇಲೆ ಎರಡು ನೋಟುಗಳಿವೆ. ಎರಡೂ ಹೆಚ್ಚುಕಡಿಮೆ ಇಸ್ಪೀಟು ಎಲೆಯಷ್ಟು ದೊಡ್ಡವು. ಎರಡರ ಮೇಲೂ 1776 ಎಂದು ಅಚ್ಚಾಗಿದೆ. ಎರಡೂ ಅಮೆರಿಕದವು. ಒಂದನ್ನು ಮುಟ್ಟಿದರೆ ಸುಟ್ಟ ಹಪ್ಪಳದ ಹಾಗೆ ಕರಕರ ಅನ್ನುತ್ತದೆ. ಇನ್ನೊಂದು ನೂರಾರು ಸಲ ಒಗೆದ ಅಜ್ಜನ ಪಂಚೆಯ ಹಾಗೆ ಮೆತ್ತಗಿದೆ.

ತಂಗಿಯ ಮಗಳು ಪುಟ್ಟಿ ದಸರಾ ರಜೆಗೆ ಬಂದಿದ್ದಾಗ ಎರಡನ್ನೂ ಅವಳ ಮುಂದಿಟ್ಟೆ. "ಇದರಲ್ಲಿ ಅಸಲಿ ಯಾವುದು, ನಕಲಿ ಯಾವುದು, ಹೇಳು ನೋಡೋಣ" ಅಂದೆ. ಅವಳು ಆರನೇ ಕ್ಲಾಸು. ಒಂದು ಕ್ಷಣವೂ ಯೋಚಿಸದೆ ಹಪ್ಪಳದ ಮೇಲೆ ಬೆರಳಿಟ್ಟಳು.

"ಇದೇ ಅಸಲಿ. ಕಂದುಬಣ್ಣ ಇದೆ, ಸುಕ್ಕು ಸುಕ್ಕಾಗಿದೆ. ಸಿನಿಮಾದಲ್ಲಿ ನಿಧಿ ತೋರಿಸೋ ನಕ್ಷೆ ಹೀಗೇ ಇರುತ್ತೆ."

ನಾನು ನಗಲಿಲ್ಲ. ಯಾಕೆಂದರೆ ಕೆಲವು ವರ್ಷಗಳ ಹಿಂದೆ ನಾನೂ ಹೀಗೇ ಮೋಸಹೋಗಿದ್ದೆ. ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮ ಊರಿಗೆ ಬರುವಾಗ, "ಅಣ್ಣಾ, ನಿನಗೆ ಹಳೇ ನೋಟಿನ ಹುಚ್ಚಲ್ವಾ" ಎಂದು ಪ್ರೀತಿಯಿಂದ ತಂದುಕೊಟ್ಟ ಕಂದು ನೋಟು ಅದು. ಎರಡು ತಿಂಗಳು ಎಲ್ಲರಿಗೂ ತೋರಿಸಿಕೊಂಡು ಓಡಾಡಿದೆ. ಆಮೇಲೆ ಗೊತ್ತಾಯಿತು, ಅದು ಪ್ರವಾಸಿಗರಿಗೆಂದು ಮಾಡಿ ಮಾರುವ ಆಟಿಕೆ ನೋಟು! ಅಮೆರಿಕದಲ್ಲಿ ಇಂಥವು ಲೆಕ್ಕವಿಲ್ಲದಷ್ಟಿವೆ. 1973ರಲ್ಲಿ ಅಲ್ಲೊಂದು ಕಾನೂನು ಬಂತು. ಹಳೆಯ ನಾಣ್ಯ, ನೋಟುಗಳ ಪ್ರತಿ ಮಾಡಿದರೆ ಅದರ ಮೇಲೆ 'ಕಾಪಿ' ಎಂದು ಬರೆದಿರಲೇಬೇಕು ಎಂದು ಅದು ಹೇಳುತ್ತದೆ. ಆದರೆ ಅದಕ್ಕೂ ಮುಂಚೆ ಮಾಡಿದವು ಇನ್ನೂ ಜನರ ಡ್ರಾಯರುಗಳಲ್ಲಿ ಓಡಾಡಿಕೊಂಡಿವೆ. ಯಾರದೋ ಅಜ್ಜ ತೀರಿಕೊಂಡಾಗ ಪೆಟ್ಟಿಗೆಯಿಂದ ಎದ್ದುಬಂದು ಮೊಮ್ಮಕ್ಕಳ ಎದೆ ಢವಢವ ಅನ್ನಿಸುತ್ತವೆ.

ಇನ್ನೊಂದು ನೋಟು ಮಾತ್ರ ಅಸಲಿ. ಅದನ್ನೂ ತಮ್ಮನೇ ತಂದ, ಪ್ರಾಯಶ್ಚಿತ್ತಕ್ಕೆ. ನಡುವೆ ಹರಿದದ್ದು, ಅಂಚು ಸವೆದದ್ದು. ಸಂಗ್ರಾಹಕರ ಭಾಷೆಯಲ್ಲಿ ಹೇಳುವುದಾದರೆ 'ಚೆನ್ನಾಗಿ ಓಡಾಡಿದ ನೋಟು'. ಹಾಗಾಗಿ ಬೆಲೆಯೂ ಕಡಿಮೆ. ನನಗಂತೂ ಗರಿಗರಿ ನೋಟಿಗಿಂತ ಓಡಾಡಿದ ನೋಟೇ ಇಷ್ಟ. ಅದಕ್ಕೆ ಹೇಳಲು ಹೆಚ್ಚು ಮಾತಿರುತ್ತದೆ.

"ಇದು ಇಷ್ಟು ಬೆಳ್ಳಗೆ ಹೇಗಿದೆ ಹಾಗಾದ್ರೆ?" ಪುಟ್ಟಿ ಕೇಳಿದಳು. "ಇನ್ನೂರೈವತ್ತು ವರ್ಷ ಆಗಿದೆ. ನಮ್ಮನೆ ಪೇಪರು ಒಂದು ವಾರ ಬಿಸಿಲಲ್ಲಿ ಬಿದ್ದಿದ್ರೆ ಹಳದಿ ಆಗುತ್ತೆ."

ಒಳ್ಳೆಯ ಪ್ರಶ್ನೆ. ಉತ್ತರ ಪಂಚೆಯಲ್ಲೇ ಇದೆ. ಇವತ್ತಿನ ದಿನಪತ್ರಿಕೆಯ ಕಾಗದ ಮರದ ತಿರುಳಿನದು. ಮರದಲ್ಲಿ ಲಿಗ್ನಿನ್ ಎಂಬ ವಸ್ತುವಿದೆ. ಮರವನ್ನು ಗಟ್ಟಿಯಾಗಿ ನಿಲ್ಲಿಸುವ ಗಾರೆ ಅದು. ಬಿಸಿಲು, ಗಾಳಿ ತಾಗಿದರೆ ಲಿಗ್ನಿನ್ ಹಳದಿಯಾಗುತ್ತದೆ, ಕಾಗದ ಪುಡಿಪುಡಿಯಾಗುತ್ತದೆ. ಆದರೆ 1776ರಲ್ಲಿ ಮರದ ತಿರುಳಿನಿಂದ ಕಾಗದ ಮಾಡುವುದು ಇನ್ನೂ ರೂಢಿಗೆ ಬಂದಿರಲಿಲ್ಲ. ಆಗ ಕಾಗದವೆಂದರೆ ಚಿಂದಿ ಬಟ್ಟೆ. ಹರಿದ ಲಿನನ್ ಅಂಗಿ, ಹಳೇ ಹಾಸಿಗೆ ಹೊದಿಕೆ, ಹತ್ತಿ ಬಟ್ಟೆ, ಎಲ್ಲವನ್ನೂ ಕೊಳೆಸಿ, ಕುಟ್ಟಿ, ನೀರಿನಲ್ಲಿ ಗಂಜಿಯಂತೆ ಮಾಡಿ, ಜರಡಿಯಲ್ಲಿ ಎತ್ತಿ ಒಣಗಿಸುತ್ತಿದ್ದರು. ಬಟ್ಟೆಯ ನಾರಿನಲ್ಲಿ ಲಿಗ್ನಿನ್ ಬಹಳ ಕಡಿಮೆ, ಹೆಚ್ಚೂಕಡಿಮೆ ಬರೀ ಸೆಲ್ಯುಲೋಸ್. ಉದ್ದನೆಯ, ಬಾಗುವ, ಹಟಮಾರಿ ನಾರು ಅದು. ಹಾಗಾಗಿ ನನ್ನ ನೋಟು ಪಂಚೆಯಂತಿದೆ ಅಂದೆನಲ್ಲ, ಅದು ಬರೀ ಹೋಲಿಕೆಯಲ್ಲ. ಅದು ನಿಜವಾಗಿ ಯಾರೋ ಉಟ್ಟು ಬಿಟ್ಟ ಬಟ್ಟೆಯೇ!

ನಂಬಿಕೆ ಬರದಿದ್ದರೆ ನಿಮ್ಮ ಜೇಬಿನ ಹತ್ತು ರೂಪಾಯಿ ನೋಟು ಮುಟ್ಟಿ ನೋಡಿ. ನಮ್ಮ ರೂಪಾಯಿ ನೋಟೂ ಹತ್ತಿಯದೇ. ಅದಕ್ಕೇ ಅಂಗಿಯ ಜೇಬಿನಲ್ಲಿ ಮರೆತು ವಾಷಿಂಗ್ ಮಷೀನಿಗೆ ಹೋದ ನೋಟು ಬದುಕಿ ಬರುತ್ತದೆ. ಜೊತೆಯಲ್ಲಿದ್ದ ಬಸ್ ಟಿಕೆಟು ಮಾತ್ರ ಉಂಡೆಯಾಗಿ ಬರುತ್ತದೆ. ಆ ನೋಟು ಅಚ್ಚಾದದ್ದು ಮೈಸೂರಿನಲ್ಲೇ ಇರಬಹುದು. ಅಲ್ಲಿ ನೋಟು ಅಚ್ಚು ಹಾಕುವ ದೊಡ್ಡ ಮುದ್ರಣಾಲಯವೂ ಇದೆ, ನೋಟಿನ ಕಾಗದ ಮಾಡುವ ಗಿರಣಿಯೂ ಇದೆ.

ಸರಿ, ಅಮೆರಿಕದವರಿಗೆ ಕಾಗದದ ಹಣ ಯಾಕೆ ಬೇಕಾಯಿತು? ಆಗ ಅಮೆರಿಕ ಎಂಬ ದೇಶವೇ ಇರಲಿಲ್ಲ. ಅಟ್ಲಾಂಟಿಕ್ ಕಡಲಿನ ಅಂಚಿನಲ್ಲಿ ಬ್ರಿಟಿಷರ ವಸಾಹತುಗಳಿದ್ದವು, ಕೊನೆಗೆ ಅವು ಹದಿಮೂರಾದವು. ಅಲ್ಲಿ ಬೆಳ್ಳಿಯ ಗಣಿ ಇರಲಿಲ್ಲ. ಇಂಗ್ಲೆಂಡಿನಿಂದ ಬಟ್ಟೆ, ಪಾತ್ರೆ, ಮೊಳೆ ತರಿಸಿಕೊಂಡರೆ ಕೈಯಲ್ಲಿದ್ದ ಬೆಳ್ಳಿ ನಾಣ್ಯವೆಲ್ಲ ಹಡಗು ಹತ್ತಿ ಹೋಗಿಬಿಡುತ್ತಿತ್ತು. ಉಳಿದದ್ದು ಅಲ್ಲೊಂದು ಇಲ್ಲೊಂದು ಸ್ಪ್ಯಾನಿಷ್ ಡಾಲರ್.

ಇಸ್ಪೀಟು ಎಲೆ ಅಂದೆನಲ್ಲ, ಅದಕ್ಕೂ ಒಂದು ಕಥೆ ಇದೆ. ಇದೇ ವಸಾಹತುಗಳ ಉತ್ತರಕ್ಕೆ, ಈಗಿನ ಕೆನಡಾದಲ್ಲಿ, ಫ್ರೆಂಚರ ವಸಾಹತು ಇತ್ತು. 1685ರಲ್ಲಿ ಫ್ರಾನ್ಸಿನಿಂದ ನಾಣ್ಯದ ಹಡಗು ಬರುವುದು ತಡವಾಗಿ, ಸೈನಿಕರಿಗೆ ಸಂಬಳ ಕೊಡಲು ಅಲ್ಲಿನ ಅಧಿಕಾರಿಯ ಹತ್ತಿರ ಕಾಸಿರಲಿಲ್ಲ. ಅವನು ಏನು ಮಾಡಿದ ಗೊತ್ತೆ? ನಿಜವಾದ ಇಸ್ಪೀಟು ಎಲೆಗಳ ಮೇಲೆ ಬೆಲೆ ಬರೆದು, ಸಹಿ ಹಾಕಿ, ಹಂಚಿದ! ಆಮೇಲೆ 1690ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನವರು ಅದೇ ಫ್ರೆಂಚರ ಕ್ವಿಬೆಕ್ ಊರಿನ ಮೇಲೆ ದಂಡೆತ್ತಿ ಹೋದರು. ಗೆದ್ದು ಕೊಳ್ಳೆ ಹೊಡೆದು, ಅದರಿಂದಲೇ ಸೈನಿಕರಿಗೆ ಸಂಬಳ ಕೊಟ್ಟರಾಯಿತು ಎಂದು ಲೆಕ್ಕ ಹಾಕಿದ್ದರು. ಸೋತು ಬಂದರು. ಸಂಬಳ ಕೇಳುವ ಸೈನಿಕರು ಬಾಗಿಲಲ್ಲಿ, ಖಜಾನೆ ಖಾಲಿ. ಆಗ, ಆ ವರ್ಷದ ಡಿಸೆಂಬರಿನಲ್ಲಿ, ಅವರು ಹೊರಡಿಸಿದ್ದೇ ಅಮೆರಿಕದ ಬ್ರಿಟಿಷ್ ವಸಾಹತುಗಳ ಮೊದಲ ಕಾಗದದ ಹಣ. "ಈ ಚೀಟಿ ಇಟ್ಟುಕೊಳ್ಳಿ, ಮುಂದೆ ತೆರಿಗೆ ಕಟ್ಟುವಾಗ ಇದನ್ನೇ ಕೊಡಿ, ತೆಗೆದುಕೊಳ್ಳುತ್ತೇವೆ" ಎಂಬ ಮಾತು ಅದು. ನೋಟು ಅಂದರೆ ಅಷ್ಟೇ, ಅಚ್ಚು ಹಾಕಿದ ಮಾತು.

ಮಾತನ್ನು ಅಚ್ಚು ಹಾಕಿದ ಮೇಲೆ ಅದನ್ನು ಕದ್ದು ಅಚ್ಚು ಹಾಕುವವರೂ ಹುಟ್ಟಿಕೊಂಡರು. ಆಗಿನ ಎಷ್ಟೋ ನೋಟುಗಳ ಮೇಲೆ 'ನಕಲು ಮಾಡಿದರೆ ಮರಣ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಪುಟ್ಟಿಗೆ ಅದನ್ನು ಓದಿ ಹೇಳಿದಾಗ ಕೈ ಹಿಂದೆ ತೆಗೆದುಕೊಂಡಳು. ಆದರೆ ಬೆದರಿಕೆಗೆ ಹೆದರದವರೂ ಇರುತ್ತಾರಲ್ಲ. ಅವರನ್ನು ತಡೆಯಲು ಬೇಕಾದದ್ದು ಇನ್ನಷ್ಟು ದಪ್ಪನೆಯ ಅಕ್ಷರವಲ್ಲ, ಉಪಾಯ.

ಉಪಾಯ ಹುಡುಕಿದವನು ಬೆಂಜಮಿನ್ ಫ್ರಾಂಕ್ಲಿನ್. ಹೌದು, ಗುಡುಗಿನ ಮಳೆಯಲ್ಲಿ ಗಾಳಿಪಟ ಹಾರಿಸಿದವನೆಂದು ನಿಮ್ಮ ಪಾಠದಲ್ಲಿ ಬರುವ ಅದೇ ಫ್ರಾಂಕ್ಲಿನ್. ಹೊಟ್ಟೆಪಾಡಿಗೆ ಅವನು ಮುದ್ರಕ, ಫಿಲಡೆಲ್ಫಿಯಾ ಊರಿನಲ್ಲಿ ಅಚ್ಚುಕೂಟ ಇಟ್ಟುಕೊಂಡಿದ್ದ. 1729ರಲ್ಲಿ, 23 ವರ್ಷದವನಿದ್ದಾಗ, ಕಾಗದದ ಹಣ ಏಕೆ ಬೇಕು ಎಂದು ಒಂದು ಪುಟ್ಟ ಪುಸ್ತಕ ಬರೆದ. ಸ್ವಲ್ಪ ಸಮಯದಲ್ಲೇ ಆ ಹಣವನ್ನು ಅಚ್ಚು ಹಾಕುವ ಕೆಲಸವೂ ಅವನಿಗೇ ಸಿಕ್ಕಿತು. ಅದು ತನಗೆ ಬಲು ಲಾಭದ ಕೆಲಸವಾಯಿತೆಂದು ಅವನೇ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಜಾಣ!

ಈಗ ನನ್ನ ನೋಟನ್ನು ತಿರುಗಿಸಿ ನೋಡೋಣ. ಇದು ನ್ಯೂಜೆರ್ಸಿ ವಸಾಹತಿನದು, 1776ರ ಮಾರ್ಚ್ 25ರ ತಾರೀಖು ಹೊತ್ತದ್ದು. ಬರ್ಲಿಂಗ್ಟನ್ ಊರಿನಲ್ಲಿ ಐಸಾಕ್ ಕಾಲಿನ್ಸ್ ಎಂಬ ಮುದ್ರಕ ಅಚ್ಚು ಹಾಕಿದ್ದು. ಮುಂದಿನ ಬದಿಯಲ್ಲಿ ಅಕ್ಷರ, ರಾಜಲಾಂಛನ, ಸಹಿಗಳು. ಹಿಂದಿನ ಬದಿಯಲ್ಲಿ ಒಂದು ಎಲೆ.

ಎಲೆಯ ಚಿತ್ರ ಅಂತ ನಾನು ಹೇಳುತ್ತಿಲ್ಲ, ಗಮನಿಸಿ. ಎಲೆ.

ಪುಟ್ಟಿಗೆ ಭೂತಗನ್ನಡಿ ಕೊಟ್ಟೆ. ನಡುನರ ದಪ್ಪಗಿದೆ, ಅದರಿಂದ ಕವಲೊಡೆದ ಪಕ್ಕದ ನರಗಳು ತೆಳ್ಳಗಿವೆ, ಅವುಗಳ ನಡುವೆ ಮೀನಿನ ಬಲೆಯ ಹಾಗೆ ಇನ್ನೂ ತೆಳ್ಳಗಿನ ಎಳೆಗಳು. ದಪ್ಪದಿಂದ ತೆಳುವಿಗೆ ಎಲ್ಲೂ ತಟ್ಟನೆ ಬದಲಾಗುವುದಿಲ್ಲ, ಹೊಳೆಯಿಂದ ಹಳ್ಳ, ಹಳ್ಳದಿಂದ ಝರಿ ಅನ್ನುವ ಹಾಗೆ ಕ್ಷೀಣಿಸುತ್ತ ಹೋಗುತ್ತದೆ. ಒಂದು ಕಡೆ ಅಂಚಿನಲ್ಲಿ ಹುಳು ಕಡಿದ ಹಾಗೆ ಸಣ್ಣ ಕಚ್ಚೂ ಇದೆ.

ಪುಟ್ಟಿ ಬಹಳ ಹೊತ್ತು ನೋಡಿ, "ಮಾಮ, ಎಲೆ ಪಕ್ಕದಲ್ಲಿ ಗೋಣಿಚೀಲ ಕಾಣ್ತಿದೆ" ಅಂದಳು.

ಇಷ್ಟು ವರ್ಷದಲ್ಲಿ ನಾನು ಅದನ್ನು ಗಮನಿಸಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಎಲೆಯ ಸುತ್ತ, ಮಸುಕಾಗಿ, ಅಡ್ಡ ಎಳೆ ಉದ್ದ ಎಳೆ ಹೆಣೆದ ನೇಯ್ಗೆಯ ಗುರುತು. ಗೋಣಿಯಲ್ಲ, ಯಾವುದೋ ಬಟ್ಟೆ. ಆ ಬಟ್ಟೆ ಅಲ್ಲಿಗೆ ಬಂದದ್ದು ಹೇಗೆ ಎಂಬುದರಲ್ಲೇ ಫ್ರಾಂಕ್ಲಿನ್‌ನ ಗುಟ್ಟಿದೆ.

1730ರ ದಶಕದ ಕೊನೆಯಲ್ಲಿ ಫ್ರಾಂಕ್ಲಿನ್ ನಿಜವಾದ ಎಲೆಯಿಂದ ಲೋಹದ ಅಚ್ಚು ಮಾಡಿ ನೋಟಿನ ಬೆನ್ನಿಗೆ ಒತ್ತಲು ಶುರುಮಾಡಿದ. ಹೇಗೆ ಮಾಡುತ್ತೇನೆಂದು ಊರಿಗೆಲ್ಲ ಸಾರಲಿಲ್ಲ. ಅವನು ಬಿಟ್ಟ ಮೇಲೆ ಬೇರೆ ಮುದ್ರಕರು ಅದೇ ಕ್ರಮ ಮುಂದುವರಿಸಿದರು. ಆಮೇಲೆ ಜಗತ್ತು ಅದನ್ನು ಮರೆತೇಬಿಟ್ಟಿತು. ಅದನ್ನು ಮತ್ತೆ ಪತ್ತೆ ಹಚ್ಚಿದವರು ಯಾವುದೇ ವಿಶ್ವವಿದ್ಯಾಲಯದ ವಿಜ್ಞಾನಿಯಲ್ಲ, ಒಬ್ಬ ಸಂಗ್ರಾಹಕ! ಎರಿಕ್ ನ್ಯೂಮನ್ ಎಂದು ಹೆಸರು, ಸೇಂಟ್ ಲೂಯಿಸ್ ಊರಿನವರು, ವೃತ್ತಿಯಿಂದ ವಕೀಲರು. ಬಾಲ್ಯದಲ್ಲೇ ನಾಣ್ಯ ಕೂಡಿಡುವ ಚಟ ಹತ್ತಿಸಿಕೊಂಡು, 106 ವರ್ಷ ಬದುಕಿ, 2017ರಲ್ಲಿ ತೀರಿಕೊಂಡರು. ಅಮೆರಿಕದ ಹಳೆಯ ನೋಟುಗಳ ಬಗ್ಗೆ 1967ರಲ್ಲಿ ಅವರು ತಂದ ಪುಸ್ತಕವನ್ನು ಈ ಹವ್ಯಾಸದವರು ಇವತ್ತಿಗೂ ಪಂಚಾಂಗದ ಹಾಗೆ ಪಕ್ಕದಲ್ಲಿಟ್ಟುಕೊಳ್ಳುತ್ತಾರೆ. 1960ರ ದಶಕದಲ್ಲಿ ಅವರು ನೋಟುಗಳನ್ನು ಸಾಲಾಗಿ ಇಟ್ಟು ನೋಡಿ ನೋಡಿ ಬಿಡಿಸಿದ ಗುಟ್ಟು ಹೀಗಿದೆ.

ಒದ್ದೆ ಬಟ್ಟೆಯ ಮೇಲೆ ಎಲೆ ಅಂಟಿಸಬೇಕು, ನರಗಳು ಉಬ್ಬಿರುವ ಹಿಂಬದಿ ಹೊರಗೆ ಕಾಣುವ ಹಾಗೆ. ನುಣ್ಣಗೆ ಹರಡಿದ ಹಸಿ ಪ್ಲಾಸ್ಟರಿನ ಮೇಲೆ ಅದನ್ನು ಬಟ್ಟೆಸಮೇತ ಕವುಚಿ ಒತ್ತಬೇಕು. ಪ್ಲಾಸ್ಟರ್ ಗಟ್ಟಿಯಾದ ಮೇಲೆ ಬಟ್ಟೆ, ಎಲೆ ಎರಡನ್ನೂ ಎತ್ತಿದರೆ ನರ ಇದ್ದಲ್ಲಿ ಕಾಲುವೆ ಉಳಿಯುತ್ತದೆ. ಎಲೆ ಇಲ್ಲದ ಕಡೆ ಬಟ್ಟೆಯ ನೇಯ್ಗೆ ಮೂಡುತ್ತದೆ. ಇದೇ ಪುಟ್ಟಿ ಕಂಡ ಗೋಣಿಚೀಲ! ಈಗ ಆ ಪ್ಲಾಸ್ಟರಿನೊಳಗೆ, ಅಚ್ಚಿನ ಮೊಳೆ ಮಾಡಲು ಬಳಸುವ ಸೀಸದ ಮಿಶ್ರಲೋಹವನ್ನು ಕರಗಿಸಿ ಸುರಿಯಬೇಕು. ಕಾಲುವೆ ಇದ್ದಲ್ಲಿ ಲೋಹದ ಉಬ್ಬು ಬರುತ್ತದೆ. ಅದಕ್ಕೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿದರೆ ಎಲೆಯೇ ಬಂದು ಕೂತ ಹಾಗೆ.

ನಕಲಿ ಮಾಡುವವನ ಪಾಡು ಯೋಚಿಸಿ. ಅವನ ಹತ್ತಿರ ಉಳಿ ಇದೆ, ತಾಮ್ರದ ತಗಡಿದೆ, ಪಳಗಿದ ಕೈ ಇದೆ. ಸಿಂಹವನ್ನೋ ಕಿರೀಟವನ್ನೋ ಕೆತ್ತೆಂದರೆ ಕೆತ್ತಿಯಾನು, ಅದೂ ಒಬ್ಬ ಮನುಷ್ಯ ಕೈಯಿಂದ ಬರೆದದ್ದೇ ತಾನೆ? ಎಲೆಯ ನೂರಾರು ನರಗಳನ್ನು, ಪ್ರತಿಯೊಂದರ ಇಳಿಯುವ ದಪ್ಪದ ಸಮೇತ, ಕಣ್ಣಳತೆಯಲ್ಲಿ ಕೆತ್ತುವುದೆಂದರೆ ಮಾತ್ರ ಕೈ ನಡುಗುತ್ತದೆ. ಅವನೂ ಒಂದು ಎಲೆ ಕಿತ್ತು ಪ್ಲಾಸ್ಟರಿಗೆ ಒತ್ತಬಹುದಲ್ಲ ಎಂದು ನೀವು ಕೇಳಬಹುದು. ಒತ್ತಲಿ. ಒಂದೇ ಗಿಡದ, ಒಂದೇ ರೆಂಬೆಯ ಎರಡು ಎಲೆ ತಂದು ಪಕ್ಕಪಕ್ಕ ಇಟ್ಟು ನೋಡಿ. ದೊಡ್ಡ ನರಗಳು ಒಂದೇ ಥರ ಕಂಡರೂ ನಡುವಿನ ಬಲೆ ಬೇರೆ ಬೇರೆ. ಎಲೆ ಬೆಳೆಯುವಾಗ ಎಲ್ಲಿ ಯಾವ ಎಳೆ ಹೊರಡಬೇಕೆಂಬುದಕ್ಕೆ ನಕ್ಷೆ ಇರುವುದಿಲ್ಲ. ಜೀವಕೋಶಗಳು ಅಕ್ಕಪಕ್ಕದವರನ್ನು ನೋಡಿಕೊಂಡು ದಾರಿ ಮಾಡಿಕೊಳ್ಳುತ್ತವೆ. ಹಾಗಾಗಿ ಪ್ರತಿ ಎಲೆಯ ಬಲೆಯೂ ಅದರದ್ದೇ ಹೆಬ್ಬೆಟ್ಟಿನ ಗುರುತು. ಅಸಲಿ ನೋಟಿನ ಎಲೆ ಮಣ್ಣು ಸೇರಿ ಎಷ್ಟೋ ಕಾಲವಾಗಿದೆ, ಕಳ್ಳನಿಗೆ ಅದು ಸಿಗುವುದಿಲ್ಲ.

ಫ್ರಾಂಕ್ಲಿನ್ ಇಲ್ಲಿಗೇ ನಿಲ್ಲಲಿಲ್ಲ. ನೋಟನ್ನು ಕಿಟಕಿಯ ಹತ್ತಿರ ಹಿಡಿದು ಓರೆ ಮಾಡಿದರೆ ಅಲ್ಲಲ್ಲಿ ಚುಕ್ಕಿಯಷ್ಟು ಮಿಣುಕು ಕಾಣುತ್ತದೆ. ಅದು ಅಭ್ರಕ. ಗ್ರಾನೈಟ್ ಕಲ್ಲಿನಲ್ಲಿ, ಹೊಳೆಯ ಮರಳಿನಲ್ಲಿ ಮಿಂಚುತ್ತದಲ್ಲ, ಅದೇ. ಅಭ್ರಕದ ಒಳಗೆ ಪರಮಾಣುಗಳು ಚಿರೋಟಿಯ ಹಾಗೆ ಪದರ ಪದರವಾಗಿ ಜೋಡಿಸಿಕೊಂಡಿರುತ್ತವೆ. ಪದರದ ಒಳಗೆ ಹಿಡಿತ ಬಿಗಿ, ಪದರದಿಂದ ಪದರಕ್ಕೆ ಸಡಿಲ. ಅದಕ್ಕೇ ಉಗುರಿನಿಂದ ಎಬ್ಬಿಸಿದರೂ ತೆಳ್ಳಗೆ ಸುಲಿದು ಬರುತ್ತದೆ, ನುಣುಪಾದ ಮೇಲ್ಮೈ ಕನ್ನಡಿಯ ಹಾಗೆ ಬೆಳಕು ತಿರುಗಿಸುತ್ತದೆ. ಕಾಗದದ ಗಂಜಿಗೇ ಅಭ್ರಕದ ಚೂರು ಬೆರೆಸಿದರೆ ಆ ಕಾಗದ ಬೇರೆ ಯಾರಿಗೂ ಅಂಗಡಿಯಲ್ಲಿ ಸಿಗುವುದಿಲ್ಲ. ಕೆಲವು ನೋಟುಗಳಲ್ಲಿ ಕೂದಲಿನಂಥ ನೀಲಿ ಎಳೆಗಳೂ ಇರುತ್ತವೆ. ಇವತ್ತಿನ ಅಮೆರಿಕದ ಡಾಲರ್ ನೋಟಿನಲ್ಲಿ ಕಾಣುವ ಕೆಂಪು, ನೀಲಿ ಎಳೆಗಳಿಗೆ ಅವು ಮುತ್ತಜ್ಜ ಇದ್ದ ಹಾಗೆ.

ಮಸಿಯ ವಿಷಯ ಇನ್ನೂ ಸೊಗಸು. ಇಂಡಿಯಾನಾ ರಾಜ್ಯದ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಹಳೆಯ ನೋಟುಗಳ ದೊಡ್ಡ ಸಂಗ್ರಹವಿದೆ. ಅಲ್ಲಿನ ಭೌತವಿಜ್ಞಾನಿಗಳು ಸುಮಾರು 600 ನೋಟುಗಳನ್ನು ಎಕ್ಸ್-ಕಿರಣ, ಲೇಸರ್, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳಿಂದ ಪರೀಕ್ಷಿಸಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಗಿನ ಮುದ್ರಕರು ಸಾಮಾನ್ಯವಾಗಿ ಕಪ್ಪು ಮಸಿಯನ್ನು ಎಣ್ಣೆ ಉರಿಸಿದ ಕಾಡಿಗೆಯಿಂದಲೋ ಮೂಳೆ ಸುಟ್ಟ ಇದ್ದಿಲಿನಿಂದಲೋ ಮಾಡುತ್ತಿದ್ದರು. ಮೂಳೆಯ ಮಸಿಯಾದರೆ ಕ್ಯಾಲ್ಸಿಯಂ, ರಂಜಕ ಎರಡೂ ಎದ್ದು ಕಾಣುತ್ತವೆ, ಅವು ಮೂಳೆಯ ಸೊತ್ತು. ನಕಲಿ ನೋಟುಗಳಲ್ಲಿ ಅವು ಹೆಚ್ಚಾಗಿ ಸಿಕ್ಕವು. ಫ್ರಾಂಕ್ಲಿನ್ ಅಚ್ಚು ಹಾಕಿದ ನೋಟುಗಳಲ್ಲಿ ಅವುಗಳ ಸುಳಿವು ಬಹಳ ಕಡಿಮೆ. ಅವನು ಬಳಸಿದ್ದು ಬಂಡೆಯಿಂದ ತೆಗೆದ ಗ್ರಾಫೈಟ್, ಅಂದರೆ ನಿಮ್ಮ ಪೆನ್ಸಿಲ್ಲಿನ ಕಡ್ಡಿ! ಕಾಡಿಗೆಯೂ ಇಂಗಾಲ, ಗ್ರಾಫೈಟೂ ಇಂಗಾಲ, ಕಣ್ಣಿಗೆ ಎರಡೂ ಕಪ್ಪು. ಪರಮಾಣುಗಳ ಜೋಡಣೆ ಮಾತ್ರ ಬೇರೆ. ಇಷ್ಟು ಕಾಲದ ಮೇಲೆ ಯಂತ್ರವೊಂದು ಆ ಜೋಡಣೆ ನೋಡಿ ಇದು ಫ್ರಾಂಕ್ಲಿನ್ ಮಸಿ, ಇದು ಕಳ್ಳನ ಮಸಿ ಎಂದು ಹೇಳಬಲ್ಲದು.

ಮುಂಬದಿಯ ಸಹಿಯ ಮಸಿ ಅಚ್ಚಿನ ಮಸಿಯಲ್ಲ, ಅದು ಲೇಖನಿಯದು. ಪ್ರತಿ ನೋಟಿಗೂ ಜನ ಕೂತು, ಹಕ್ಕಿಯ ಗರಿ ಅದ್ದಿ, ಕೈಯಾರೆ ಸಹಿ ಹಾಕುತ್ತಿದ್ದರು. ನನ್ನ ನೋಟಿನ ಮೇಲೆ ಮೂರು ಸಹಿ ಇವೆ. ಬರೆದಾಗ ಕಪ್ಪಗಿದ್ದವು ಈಗ ತುಕ್ಕಿನ ಬಣ್ಣಕ್ಕೆ ತಿರುಗಿವೆ. ತುಕ್ಕಿನ ಬಣ್ಣ ಅಂದೆ, ಅದೂ ಬರೀ ಹೋಲಿಕೆಯಲ್ಲ. ಓಕ್ ಮರದ ಗಂಟನ್ನು ಕುಟ್ಟಿ, ಅದರ ಒಗರು ರಸಕ್ಕೆ ಕಬ್ಬಿಣದ ಲವಣ ಬೆರೆಸಿ ಮಾಡಿದ ಮಸಿ ಅದು. ಓಕ್ ಮರ ನಮಗೆ ಅಪರಿಚಿತ, ಅದರ ಗಂಟು ಪರಿಚಿತ. ಗ್ರಂಧಿಗೆ ಅಂಗಡಿಯಲ್ಲಿ ಮಾಚಿಕಾಯಿ ಎಂದು ಕೇಳಿದರೆ ಕೊಡುತ್ತಾರಲ್ಲ, ಎಳೆ ಮಗುವಿಗೆ ಅಜ್ಜಿ ತೇದು ನೆಕ್ಕಿಸುತ್ತಿದ್ದದ್ದು, ಅದೇ ಜಾತಿಯ ಗಂಟು. ನಮ್ಮಲ್ಲಿ ಅಣಲೆಕಾಯಿಯ ಒಗರಿಗೆ ಅನ್ನಭೇದಿ ಸೇರಿಸಿ ಮಸಿ ಮಾಡುತ್ತಿದ್ದದ್ದೂ ಇದೇ ರಸಾಯನವೇ. ಮನೆಯಲ್ಲಿ ನೋಡಬೇಕೆಂದರೆ ಹಾಲು ಹಾಕದ ಕಡು ಚಹಾದಲ್ಲಿ ತುಕ್ಕು ಹಿಡಿದ ಮೊಳೆ ಹಾಕಿ, ನಾಲ್ಕು ಹನಿ ನಿಂಬೆರಸ ಬಿಟ್ಟು ಒಂದು ದಿನ ಇಡಿ. ನೀರು ಕಪ್ಪಾಗುತ್ತದೆ. ಅದನ್ನು ಕುಡಿಯಬಾರದು ಎಂದು ಬೇರೆ ಹೇಳಬೇಕಿಲ್ಲ ತಾನೆ?

ಇಲ್ಲೇ ಅಸಲಿ ನಕಲಿ ಹಿಡಿಯುವ ಸುಲಭದ ದಾರಿಯೂ ಇದೆ. ಹಪ್ಪಳದ ನೋಟಿನಲ್ಲಿ ಅಕ್ಷರಕ್ಕೂ ಸಹಿಗೂ ಒಂದೇ ಮಸಿ, ಎಲ್ಲ ಒಟ್ಟಿಗೇ ಅಚ್ಚಾದದ್ದು. ಅಸಲಿ ನೋಟಿನಲ್ಲಿ ಸಹಿ ಅಕ್ಷರದ ಮೇಲೆ ಹಾದು ಹೋಗಿದೆ, ಗೆರೆ ದಪ್ಪವಾದಲ್ಲಿ ಮಸಿ ಕಾಗದದೊಳಗೆ ಇಳಿದಿದೆ. ಬೆರಳ ತುದಿ ಸವರಿದರೆ ಮೊಳೆ ಅಚ್ಚು ಒತ್ತಿದ ತಗ್ಗೂ ಹತ್ತುತ್ತದೆ.

ನನ್ನ ನೋಟಿನ ಮೂರು ಸಹಿಗಳಲ್ಲಿ ಜಾನ್ ಹಾರ್ಟ್ ಎಂಬವನದು ಇಲ್ಲ. ಇದ್ದಿದ್ದರೆ ನನ್ನ ತಮ್ಮ ಅದನ್ನು ಕೊಳ್ಳಲು ಆಗುತ್ತಲೇ ಇರಲಿಲ್ಲ. ಹಾರ್ಟ್ ನ್ಯೂಜೆರ್ಸಿಯ ರೈತ. ಆ ವರ್ಷದ ನೋಟುಗಳಿಗೆ ಸಹಿ ಹಾಕಿದವರಲ್ಲಿ ಒಬ್ಬ. ನೋಟಿನ ಮೂಲೆಯಲ್ಲಿ ಬ್ರಿಟಿಷ್ ರಾಜನ ಲಾಂಛನ ಇದೆ ಅಂದೆನಲ್ಲ. ರಾಜನ ಮುದ್ರೆಯ ಕೆಳಗೆ ಹೀಗೆ ಸಹಿ ಹಾಕಿದ ಅದೇ ರೈತ, ಅದೇ ವರ್ಷ, ರಾಜನಿಗೂ ನಮಗೂ ಇನ್ನು ಸಂಬಂಧವಿಲ್ಲ ಎಂದು ಸಾರಿದ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೂ ಸಹಿ ಹಾಕಿದ! ಮಾರ್ಚಿನ ನೋಟು, ಜುಲೈನ ಘೋಷಣೆ. ಸಂಗ್ರಾಹಕರು ಹಾರ್ಟ್‌ನ ಸಹಿಗೆ ಮುಗಿಬೀಳುವುದು ಅದಕ್ಕೇ.

ಬ್ರಿಟಿಷರ ವಿರುದ್ಧ ಯುದ್ಧ ಶುರುವಾದ ಮೇಲೆ ವಸಾಹತುಗಳು ಸೇರಿ ತಮ್ಮದೇ ಒಂದು ನೋಟು ಹೊರಡಿಸಿದವು. ಅದರ ಹೆಸರು ಕಾಂಟಿನೆಂಟಲ್. ಮಕ್ಕಳಿಗೆ ಈ ನೋಟುಗಳು ಚಂದಮಾಮದ ಹಾಗೆ. ಆರು ಡಾಲರಿನ ನೋಟಿನಲ್ಲಿ ಬೀವರ್ ಎಂಬ ಪ್ರಾಣಿ ತನಗಿಂತ ಎಷ್ಟೋ ದೊಡ್ಡ ಮರವನ್ನು ಹಲ್ಲಿನಿಂದ ಕಡಿಯುತ್ತ ಕೂತಿದೆ. ಮರ ಬ್ರಿಟನ್, ಬೀವರ್ ಯಾರೆಂದು ನೀವೇ ಹೇಳಿ. ಎಂಟು ಡಾಲರಿನಲ್ಲಿ ಹದಿಮೂರು ತಂತಿಯ ಹಾರ್ಪ್ ವಾದ್ಯ. ಒಂದು ಡಾಲರಿಗಿಂತ ಕಡಿಮೆ ಬೆಲೆಯ ಚಿಕ್ಕ ನೋಟಿನಲ್ಲಿ ಸೂರ್ಯ, ಕೆಳಗೊಂದು ನೆರಳಿನ ಗಡಿಯಾರ, 'ನಾನು ಓಡುತ್ತಿದ್ದೇನೆ' ಎಂಬ ಕಾಲದ ಮಾತು, ಅದರಡಿ 'ನಿನ್ನ ಕೆಲಸ ನೋಡಿಕೋ' ಎಂಬ ಗದರಿಕೆ. ಬೆನ್ನಿಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಹದಿಮೂರು ಬಳೆಗಳು. ಇದು ಫ್ರಾಂಕ್ಲಿನ್‌ನ ತಲೆಯಿಂದ ಬಂದ ಚಿತ್ರವೆಂದು ಹೇಳುತ್ತಾರೆ. ಪುಟ್ಟಿಗೆ ಬೀವರ್ ಹಿಡಿಸಿತು, ಗಡಿಯಾರ ಹಿಡಿಸಲಿಲ್ಲ. "ನಮ್ಮ ಹೆಡ್‌ಮಿಸ್ ಥರ ಮಾತಾಡುತ್ತೆ" ಅಂದಳು.

ಬ್ರಿಟಿಷರು ಈ ನೋಟಿನ ಮೇಲೆ ಫಿರಂಗಿಯಿಂದಲ್ಲ, ಅಚ್ಚುಕೂಟದಿಂದ ದಾಳಿ ಮಾಡಿದರು. ನ್ಯೂಯಾರ್ಕ್ ಬಂದರಿನಲ್ಲಿ ನಿಂತ ಯುದ್ಧನೌಕೆಯಲ್ಲೇ ನಕಲಿ ನೋಟು ತಯಾರಾಗುತ್ತಿತ್ತು. 1777ರಲ್ಲಿ ಒಂದು ನ್ಯೂಯಾರ್ಕ್ ಪತ್ರಿಕೆಯಲ್ಲಂತೂ ಜಾಹೀರಾತೇ ಬಂತು, ಬೇರೆ ವಸಾಹತಿಗೆ ಪ್ರಯಾಣ ಹೊರಟವರಿಗೆ ಕಾಗದದ ಖರ್ಚಿಗೆ ಬೇಕಾದಷ್ಟು ನಕಲಿ ನೋಟು ಕೊಡುತ್ತೇವೆ ಎಂದು! ಕೆಲವು ನಕಲಿಗಳ ಕೆತ್ತನೆ ಅಸಲಿಗಿಂತ ನಾಜೂಕಾಗಿತ್ತು, ಸಿಕ್ಕಿಬಿದ್ದದ್ದೂ ಆ ನಾಜೂಕಿನಿಂದಲೇ. ಅಸಲಿ ಹೇಗಿರುತ್ತದೆಂದು ತಾಳೆ ನೋಡಲು ಅಮೆರಿಕದವರು ನೀಲಿ ಕಾಗದದ ಮೇಲೆ ಮಾದರಿ ಅಚ್ಚು ಹಾಕಿ ಹಂಚಿದರು. ಆ ನೀಲಿ ಹಾಳೆ ಈಗ ಸಿಕ್ಕರೆ ಸಂಗ್ರಾಹಕರಿಗೆ ಹಬ್ಬ.

      

ನಕಲಿಗಿಂತ ದೊಡ್ಡ ಹೊಡೆತ ಕಾಂಟಿನೆಂಟಲ್‌ಗೆ ಬಿದ್ದದ್ದು ಅಸಲಿಯಿಂದಲೇ. 1775ರಿಂದ 1779ರೊಳಗೆ ಸುಮಾರು 24 ಕೋಟಿ ಡಾಲರಿನಷ್ಟು ನೋಟು ಅಚ್ಚಾಯಿತು. ತೆರಿಗೆ ಹಾಕಿ ಹಿಂದಕ್ಕೆ ಪಡೆಯುವ ಅಧಿಕಾರ, ಅದನ್ನು ಹೊರಡಿಸಿದ ಕಾಂಗ್ರೆಸ್ ಎಂಬ ವಸಾಹತುಗಳ ಸಭೆಗೆ ಇರಲಿಲ್ಲ. ಮಾತು ಕೊಡುತ್ತಲೇ ಹೋಗಿ ಉಳಿಸಿಕೊಳ್ಳದಿದ್ದರೆ ಆ ಮಾತಿಗೆ ಏನು ಬೆಲೆ? 1790ರಲ್ಲಿ ಹೊಸ ಸರ್ಕಾರ 100 ಕಾಂಟಿನೆಂಟಲ್‌ಗೆ 1 ಡಾಲರ್ ಲೆಕ್ಕದಲ್ಲಿ ವಾಪಸು ತೆಗೆದುಕೊಳ್ಳುತ್ತೇವೆ ಎಂದಿತು. ಎಷ್ಟೋ ಜನ ಅಷ್ಟಕ್ಕೂ ಹೋಗಲಿಲ್ಲ, ಪೆಟ್ಟಿಗೆಯ ತಳದಲ್ಲಿ ಹಾಕಿ ಮರೆತರು.

ಈ ಹವ್ಯಾಸದಲ್ಲಿ ನನಗೆ ತಮಾಷೆ ಅನ್ನಿಸುವುದು ಇದೇ. ಮಾತು ಉಳಿಸಿಕೊಂಡ ವಸಾಹತಿನ ನೋಟು ತೆರಿಗೆಯ ರೂಪದಲ್ಲಿ ಖಜಾನೆಗೆ ಮರಳುತ್ತಿತ್ತು. ಮರಳಿದ್ದನ್ನು ಎಣಿಸಿ, ಲೆಕ್ಕ ಬರೆದು, ಸುಟ್ಟುಬಿಡುತ್ತಿದ್ದರು. ಹಾಗಾಗಿ ಒಳ್ಳೆಯ ನೋಟುಗಳು ಇವತ್ತು ಅಪರೂಪ. ಮಾತು ತಪ್ಪಿದ ನೋಟು ಮನೆಗಳಲ್ಲೇ ಉಳಿದು ನಮ್ಮ ಕೈಗೆ ಬಂದಿದೆ. ಹೊಸಬರು ಸಂಗ್ರಹ ಶುರುಮಾಡುವುದು ಸಾಮಾನ್ಯವಾಗಿ ಕಾಂಟಿನೆಂಟಲ್‌ನಿಂದಲೇ, ಸುಲಭವಾಗಿ ಸಿಗುತ್ತದೆ ನೋಡಿ.

ನನ್ನ ನೋಟಿನ ನಡುಭಾಗ ಹರಿದಿದೆ ಅಂದಿದ್ದೆ. ಮಡಿಚಿ ಮಡಿಚಿ ಗೆರೆಯಲ್ಲೇ ಎರಡಾಗಿದೆ. ಹರಿದ ಅಂಚಿನ ಆಚೆ ಈಚೆ ಎರಡೆರಡು ಸಣ್ಣ ತೂತುಗಳಿವೆ, ನಡುವೆ ಕಡ್ಡಿಯಷ್ಟು ಉದ್ದದ ತುಕ್ಕಿನ ಗೆರೆ. ಆಗ ಅಂಟುಪಟ್ಟಿ ಎಲ್ಲಿತ್ತು? ಜನ ಗುಂಡುಸೂಜಿ ಚುಚ್ಚಿ ಎರಡು ತುಂಡು ಸೇರಿಸಿಕೊಳ್ಳುತ್ತಿದ್ದರು, ಇಲ್ಲವೇ ಸೂಜಿದಾರದಲ್ಲಿ ಹೊಲಿಯುತ್ತಿದ್ದರು, ಇಲ್ಲವೇ ಹಳೇ ಪತ್ರಿಕೆಯ ಚೂರು ಅಂಟಿಸುತ್ತಿದ್ದರು. ಸೂಜಿ ಎಲ್ಲೋ ಬಿದ್ದುಹೋಗಿದೆ, ಅದರ ನೆರಳು ಉಳಿದಿದೆ.

"ನಾವು ಸೆಲ್ಲೋಟೇಪ್ ಹಾಕೋಣ್ವಾ?" ಎಂದು ಪುಟ್ಟಿ ಎದ್ದೇಬಿಟ್ಟಳು. ಹಿಡಿದು ಕೂರಿಸಿದೆ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ, ಕಾಗದದ ನಾರಿನೊಳಗೆ ಎಣ್ಣೆಯ ಕಲೆಯಂತೆ ಇಳಿಯುತ್ತದೆ. ಗುಂಡುಸೂಜಿ ಮಾಡದ ಹಾನಿಯನ್ನು ಅದು ಮಾಡುತ್ತದೆ. ಲ್ಯಾಮಿನೇಶನ್ ಅದಕ್ಕಿಂತ ದೊಡ್ಡ ಶತ್ರು. ಪೆನ್ನಂಗಡಿಯ ಮೆತ್ತನೆಯ ಪ್ಲಾಸ್ಟಿಕ್ ಕವರೂ ಬೇಡ, ಪಿವಿಸಿಯಿಂದ ಕಾಲಕ್ರಮದಲ್ಲಿ ಜಿಗುಟು ಒಸರುತ್ತದೆ. ಪಾಲಿಯೆಸ್ಟರ್ ಕವರಿನಲ್ಲಿಟ್ಟು ಬಿಸಿಲು ತಾಗದ ಕಡೆ ಇಟ್ಟಿದ್ದೇನೆ. ಬೆಂಗಳೂರಿನಲ್ಲಿ ಅಷ್ಟು ಸಾಕು. ಮಲೆನಾಡಿನ ಮಳೆಗಾಲವಾದರೆ ಬೂಷ್ಟಿಗೂ ಹುಳಕ್ಕೂ ಕಾವಲು ಕೂರಬೇಕಾದೀತು.

ಮಧ್ಯಾಹ್ನ ಪುಟ್ಟಿ ಸುಮ್ಮನಿರಲಿಲ್ಲ. ಹಿತ್ತಲಿನ ದಾಸವಾಳದ ಎಲೆ ಕಿತ್ತು ತಂದಳು. ನನ್ನ ಹಳೇ ಕರ್ಚೀಫು ಒದ್ದೆ ಮಾಡಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ, ತಟ್ಟೆಯಲ್ಲಿ ಹರಡಿ ಎಲೆ ಒತ್ತಿದಳು. ಗಟ್ಟಿಯಾಗುವ ಮುಂಚೆ ಎಲೆಯ ಕೆಳಗೆ ಕಡ್ಡಿಯಿಂದ 'ನಕಲು ಮಾಡಿದರೆ ಹೋಂವರ್ಕ್' ಎಂದು ಕೊರೆದಳು. ಸಂಜೆ ಅದು ಒಣಗಿದ ಮೇಲೆ ಸ್ಟಾಂಪ್ ಪ್ಯಾಡಿನ ಮಸಿ ಸವರಿ, ಮೇಲೆ ಕಾಗದ ಇಟ್ಟು ತಿಕ್ಕಿದಳು. ತೆಗೆದು ನೋಡಿದರೆ ನೀಲಿಯ ನಡುವೆ ನರಗಳೆಲ್ಲ ಬೆಳ್ಳಗೆ, ಖಾಲಿ ಖಾಲಿ. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ.

ಮುಖ ಸಣ್ಣದು ಮಾಡಿಕೊಂಡು ಪ್ಲಾಸ್ಟರನ್ನೂ ಕಾಗದವನ್ನೂ ಹಿಂದೆ ಮುಂದೆ ತಿರುಗಿಸಿದಳು. ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳ ಬೆರಳು ನರದ ಕಾಲುವೆಯೊಳಗೆ ಓಡಾಡತೊಡಗಿತು.

"ಮಾಮ, ಸೀಸ ಸುರಿಯೋದು ಬಿಟ್ಟುಬಿಟ್ವಲ್ಲ! ಒಂದ್ಸಲ ಉಬ್ಬಿಸಬೇಕು. ಆಗ ನರ ನೀಲಿ ಬರುತ್ತೆ, ಅಕ್ಷರಾನೂ ನೆಟ್ಟಗಾಗುತ್ತೆ."

"ಸೀಸ ಎಲ್ಲಿಂದ ತರೋಣ? ಅದು ವಿಷ, ಕರಗಿಸೋ ಹಾಗಿಲ್ಲ."

ಅವಳು ಆಗಲೇ ಅಡುಗೆಮನೆಯ ಬಾಗಿಲಲ್ಲಿದ್ದಳು. "ಅಜ್ಜೀ, ಚಪಾತಿ ಹಿಟ್ಟು ಒಂದು ಉಂಡೆ ಕೊಡ್ತೀಯಾ? ಗಟ್ಟಿಯಾಗಿ ಕಲಸಿದ್ದು ಬೇಕು."